ನೆಲಕ್ಕೆ ಕರೆಂಟ್ ಬಿಡುವುದಿಲ್ಲ, ನೆಲದಲ್ಲಿರುವ ಕರೆಂಟನ್ನೇ ಅಳೆಯುತ್ತಾರೆ

ಪ್ರಶ್ನೆ: ಮೇಡಂ, ಕಳೆದ ವಾರ ನಮ್ಮ ಜಮೀನಿಗೆ ಒಂದು ಸಂಶೋಧನಾ ತಂಡ ಬಂದಿತ್ತು. ಭೂಮಿಯ ಒಳಗೆ 100 ಕಿಲೋಮೀಟರ್ ಆಳದಲ್ಲಿ ಏನಿದೆ ಅಂತ ನೋಡುತ್ತೇವೆ, 3 ವಾರ ಜಾಗ ಕೊಡಿ ಎಂದರು. ನಡುವೆ ಒಂದು ಪೆಟ್ಟಿಗೆ ಮತ್ತು ಬ್ಯಾಟರಿ, ನಾಲ್ಕೂ ದಿಕ್ಕಿಗೆ 50 ಮೀಟರ್ ವೈರು, ಮೊಣಕಾಲು ಆಳದ ಕೆಲವು ಗುಂಡಿ. ಇಷ್ಟೇ ಸಾಕಂತೆ. ನನಗೆ ನಂಬಿಕೆ ಬರಲಿಲ್ಲ. ಅಷ್ಟು ಸಣ್ಣ ಗುಂಡಿಯಿಂದ 100 ಕಿಲೋಮೀಟರ್ ನೋಡುವುದು ಹೇಗೆ? ನೆಲಕ್ಕೆ ಕರೆಂಟ್ ಬಿಡುತ್ತಾರಾ? ದನಕರು, ಮಕ್ಕಳು ಓಡಾಡುವ ಜಾಗ. ಬಾವಿಯ ನೀರಿಗೆ ತೊಂದರೆ ಆಗುತ್ತದಾ? ಪಕ್ಕದ ಜಮೀನಿನವರು ‘ಇದು ಗಣಿಗೆ ಮುಂಚಿನ ಸರ್ವೆ, ಸಹಿ ಹಾಕಬೇಡಿ’ ಅನ್ನುತ್ತಾರೆ. ಇನ್ನೊಬ್ಬರು ‘ಭೂಕಂಪ ಮೊದಲೇ ಗೊತ್ತಾಗುವ ಯಂತ್ರ, ಒಳ್ಳೆಯದೇ’ ಅನ್ನುತ್ತಾರೆ. ತಂಡದವರು ಬೇರೆ ಕಡೆಯ ಒಂದು ಬಣ್ಣದ ಚಿತ್ರ ತೋರಿಸಿದರು. 30 ಕಿಲೋಮೀಟರ್ ಕೆಳಗೆ ದೊಡ್ಡ ಕೆಂಪು ಮಚ್ಚೆ ಇತ್ತು. ಅದು ಲಾವಾನಾ, ನೀರಾ? ಇನ್ನೊಂದು ಮಾತು. ಕೈಯಲ್ಲಿ ಹಿಡಿಯುವ ಮೆಷಿನ್‌ನಿಂದ 500 ಮೀಟರ್ ಕೆಳಗಿನ ನೀರು ತೋರಿಸುತ್ತೇನೆ ಎನ್ನುವವರೂ ಇದ್ದಾರೆ. ಅದೂ ಇದೇ ವಿದ್ಯೆಯಾ? ಈ ತಂಡಕ್ಕೆ ಜಾಗ ಕೊಡಲಾ, ಬೇಡವಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಸೇರಿಕೊಂಡಿವೆ. ಇವರು ನನ್ನ ನೆಲಕ್ಕೆ ಏನು ಮಾಡುತ್ತಾರೆ ಅನ್ನುವುದು ಒಂದು. ಇಲ್ಲಿಂದ ಏನು ತಿಳಿದುಕೊಂಡು ಹೋಗುತ್ತಾರೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ನಮ್ಮ ಕಸುಬಿನವರೂ ಎಡವುತ್ತಾರೆ.

ನೀವು ಹೇಳಿದ ಸಾಮಾನು ನೋಡಿದರೆ ಇದು ಮ್ಯಾಗ್ನೆಟೋಟೆಲ್ಯೂರಿಕ್ ಸರ್ವೆ. ನಾವೆಲ್ಲ ಎಂಟಿ ಅಂತಲೇ ಕರೆಯುವುದು. ಇದರಲ್ಲಿ ನೆಲಕ್ಕೆ ಒಂದಿಷ್ಟೂ ಕರೆಂಟ್ ಬಿಡುವುದಿಲ್ಲ. ಬ್ಯಾಟರಿ ಇರುವುದು ದಾಖಲೆ ಮಾಡುವ ಪೆಟ್ಟಿಗೆ ನಡೆಯಲಿ ಅಂತ. ವೈರಿನ ತುದಿಯಲ್ಲಿ ಹೂಳುವ ಎಲೆಕ್ಟ್ರೋಡುಗಳು ನೆಲದಲ್ಲಿ ಆಗಲೇ ಇರುವ ವೋಲ್ಟೇಜನ್ನು ಅಳೆಯುತ್ತವೆ. ಆ ವೋಲ್ಟೇಜ್ ಎಷ್ಟು ಅಂತೀರಿ? ಸಾಧಾರಣ ದಿನ ಒಂದು ಕಿಲೋಮೀಟರಿಗೆ ಒಂದು ಮಿಲಿವೋಲ್ಟ್ ಆಸುಪಾಸು. 100 ಮೀಟರ್ ಅಂತರದ ಎರಡು ಎಲೆಕ್ಟ್ರೋಡುಗಳ ನಡುವೆ ಅದರ ಹತ್ತನೇ ಒಂದು ಭಾಗ. ಟಾರ್ಚಿಗೆ ಹಾಕುವ ಒಂದು ಸೆಲ್ಲಿನಲ್ಲಿ ಇದರ 15,000 ಪಟ್ಟು ಇರುತ್ತದೆ. ಮಗು ಮುಟ್ಟಿದರೂ, ದನ ತುಳಿದರೂ ಏನೂ ಆಗದು. ಈ ವೋಲ್ಟೇಜಿನಿಂದ ಬಾವಿಯ ನೀರಿಗೂ ಏನೂ ಆಗದು. ಸಿಡಿಲಿನ ಹೊತ್ತಿಗೆ ಮತ್ತು ಎಲೆಕ್ಟ್ರೋಡುಗಳ ಬಗ್ಗೆ ಎರಡು ಎಚ್ಚರಿಕೆ ಇವೆ, ಕೊನೆಗೆ ಹೇಳುತ್ತೇನೆ.

ಆದರೆ ಒಂದು ಮಾತು ತಂಡದವರನ್ನು ಕೇಳಿಯೇ ಬಿಡಿ: ‘ಟ್ರಾನ್ಸ್‌ಮಿಟರ್ ತರುತ್ತೀರಾ?’ ವಿದ್ಯುತ್‌ಕಾಂತೀಯ ಸರ್ವೆಯಲ್ಲಿ ಇನ್ನೊಂದು ಬಗೆ ಇದೆ. ಅದರಲ್ಲಿ ಜನರೇಟರ್ ಇಟ್ಟು ನೆಲಕ್ಕೆ ನಿಜವಾಗಿಯೂ ಕರೆಂಟ್ ಹರಿಸುತ್ತಾರೆ. ನೂರಾರು ವೋಲ್ಟ್ ಇರುತ್ತದೆ, ಅದರ ಗೂಟದ ಹತ್ತಿರ ಯಾರೂ ಸುಳಿಯಬಾರದು. ಅಂಥದ್ದಾದರೆ ಕಾವಲು, ಬೇಲಿ, ಎಚ್ಚರಿಕೆ ಫಲಕ ಎಲ್ಲ ಬೇಕು. ನಿಮ್ಮಲ್ಲಿ ಜನರೇಟರಿನ ಮಾತೇ ಬಂದಿಲ್ಲ, 3 ವಾರ ಸುಮ್ನೆ ಬಿಟ್ಟು ಹೋಗುತ್ತೇವೆ ಎನ್ನುತ್ತಿದ್ದಾರೆ. ಹಾಗಾಗಿ ಅದಲ್ಲ ಎಂದೇ ನನ್ನ ಲೆಕ್ಕ.

ಹಾಗಾದರೆ ನೆಲದಲ್ಲಿ ಆ ಚೂರು ಕರೆಂಟ್ ಎಲ್ಲಿಂದ ಬಂತು? ಭೂಮಿಯ ಕಾಂತಕ್ಷೇತ್ರ ಜಾಗಕ್ಕೆ ತಕ್ಕಂತೆ 25,000ದಿಂದ 65,000 ನ್ಯಾನೋಟೆಸ್ಲಾ ಇರುತ್ತದೆ. ಅದು ಯಾವತ್ತೂ ನಿಂತಲ್ಲಿ ನಿಲ್ಲುವುದಿಲ್ಲ, ಸಣ್ಣಗೆ ಅಲುಗುತ್ತಲೇ ಇರುತ್ತದೆ. ಕಾಂತಕ್ಷೇತ್ರ ಬದಲಾದರೆ ಹತ್ತಿರದ ವಾಹಕದಲ್ಲಿ ಕರೆಂಟ್ ಹುಟ್ಟುತ್ತದೆ. ಇಲ್ಲಿ ವಾಹಕ ಅಂದರೆ ಇಡೀ ಭೂಮಿ. ಅಲುಗಿಸುವವರು ಇಬ್ಬರು. ವೇಗದ ಅಲುಗಾಟ ಸಿಡಿಲಿನಿಂದ. ಎಲ್ಲೋ ಸಾವಿರಾರು ಕಿಲೋಮೀಟರ್ ಆಚೆ ಹೊಡೆದ ಸಿಡಿಲಿನ ಅಲೆ ನೆಲಕ್ಕೂ, ಆಕಾಶದ ಎತ್ತರದಲ್ಲಿ ಕರೆಂಟ್ ಹರಿಸುವ ಪದರವಾದ ಅಯಾನುಗೋಳಕ್ಕೂ ನಡುವಿನ ಸಂದಿನಲ್ಲಿ ಜಗತ್ತು ಸುತ್ತಿ ಬರುತ್ತದೆ. ನಿಧಾನದ ಅಲುಗಾಟ ಸೂರ್ಯನಿಂದ. ಸೌರ ಮಾರುತ ಭೂಮಿಯ ಕಾಂತಕವಚಕ್ಕೆ ಬಡಿದಾಗ ಸೆಕೆಂಡುಗಳಿಂದ ಹಿಡಿದು ದಿನಗಟ್ಟಲೆ ನಡೆಯುವ ಏರಿಳಿತ ಏಳುತ್ತದೆ.

ಇದು ಹೊಸ ಸಂಗತಿಯೂ ಅಲ್ಲ. ಇಂಗ್ಲೆಂಡಿನಲ್ಲಿ 1840ರ ದಶಕದಲ್ಲೇ ಟೆಲಿಗ್ರಾಫ್ ತಂತಿಗಳಲ್ಲಿ ಯಾರೂ ಬಿಡದ ಕರೆಂಟ್ ಹರಿಯುವುದನ್ನು ವಿಲಿಯಂ ಹೆನ್ರಿ ಬಾರ್ಲೋ ಗಮನಿಸಿ ಬರೆದಿಟ್ಟರು. 1889ರಲ್ಲಿ ಆರ್ಥರ್ ಶುಸ್ಟರ್ ಲೆಕ್ಕ ಹಾಕಿ, ಕಾಂತಕ್ಷೇತ್ರದ ದಿನನಿತ್ಯದ ಏರಿಳಿತದಲ್ಲಿ ಒಂದು ಪಾಲು ಮೇಲಿನಿಂದ, ಇನ್ನೊಂದು ಪಾಲು ಭೂಮಿಯ ಒಳಗೆ ಹುಟ್ಟಿದ ಕರೆಂಟಿನಿಂದ ಬರುತ್ತದೆ ಎಂದು ತೋರಿಸಿದರು. ಒಳಗಿನಿಂದ ಬರುವ ಆ ಪಾಲೇ ನಮಗೆ ಬೇಕಾದದ್ದು. ಅದರಲ್ಲಿ ಒಳಗಿನ ಬಂಡೆಯ ಗುಣ ಅಡಗಿದೆ.

ಈಗ ನಿಮ್ಮ ಮುಖ್ಯ ಅನುಮಾನ: ಮೊಣಕಾಲು ಆಳದ ಗುಂಡಿ, 100 ಕಿಲೋಮೀಟರ್ ನೋಟ. ಗುಂಡಿಗೂ ಆಳಕ್ಕೂ ಸಂಬಂಧ ಇಲ್ಲ. ಗುಂಡಿ ತೋಡುವುದು ಕಾಂತಕ್ಷೇತ್ರ ಅಳೆಯುವ ಸೆನ್ಸರಿಗೆ ಗಾಳಿ ತಾಕದಿರಲಿ, ಎಲೆಕ್ಟ್ರೋಡು ಒಣಗದಿರಲಿ, ಬಿಸಿಲಿಗೆ ಕಾಯದಿರಲಿ ಅಂತ. ಆಳ ಸಿಗುವುದು ಸಮಯದಿಂದ. ಒಂದು ಹೋಲಿಕೆ ಕೊಡುತ್ತೇನೆ. ಹಗಲು ಬಿಸಿಲಿಗೆ ನೆಲ ಕಾಯುತ್ತದೆ, ರಾತ್ರಿ ತಣಿಯುತ್ತದೆ. ಈ ಏರಿಳಿತ ಒಂದೆರಡು ಗೇಣು ಕೆಳಗೆ ಇಳಿಯುವಷ್ಟರಲ್ಲಿ ಅಡಗಿಬಿಡುತ್ತದೆ. ಬೇಸಿಗೆ ಮತ್ತು ಚಳಿಗಾಲದ ಏರಿಳಿತ ಮಾತ್ರ ಹಲವು ಮೀಟರ್ ಕೆಳಗೂ ತಿಳಿಯುತ್ತದೆ. ಬದಲಾವಣೆ ನಿಧಾನವಾದಷ್ಟೂ ಆಳಕ್ಕೆ ಹೋಗುತ್ತದೆ. ಕಾಂತಕ್ಷೇತ್ರದ ಅಲುಗಾಟವೂ ನೆಲದೊಳಗೆ ಹೀಗೆಯೇ ಇಳಿಯುತ್ತದೆ. ಎರಡಕ್ಕೂ ಗಣಿತ ಒಂದೇ.

ಲೆಕ್ಕ ಕೂಡ ಸರಳ. ಬಂಡೆ ಕರೆಂಟಿಗೆ ಎಷ್ಟು ಅಡ್ಡಿ ಮಾಡುತ್ತದೆ ಅನ್ನುವುದನ್ನು ರೆಸಿಸ್ಟಿವಿಟಿ ಎನ್ನುತ್ತೇವೆ, ಅಳತೆ ಓಮ್-ಮೀಟರ್. ಅದನ್ನು ಒಂದು ಅಲುಗಾಟಕ್ಕೆ ಹಿಡಿಯುವ ಸೆಕೆಂಡುಗಳಿಂದ ಗುಣಿಸಿ. ವರ್ಗಮೂಲ ತೆಗೆದು 503ರಿಂದ ಗುಣಿಸಿದರೆ ಸುಮಾರು ಎಷ್ಟು ಮೀಟರ್ ಆಳ ಅನ್ನುವುದು ಬರುತ್ತದೆ. 100 ಓಮ್-ಮೀಟರ್ ಬಂಡೆ ಅಂದುಕೊಳ್ಳಿ. ಸೆಕೆಂಡಿನ ನೂರನೇ ಒಂದು ಭಾಗದ ಅಲುಗಾಟ ಅರ್ಧ ಕಿಲೋಮೀಟರ್ ಇಳಿಯುತ್ತದೆ. 1 ಸೆಕೆಂಡಿನದು 5 ಕಿಲೋಮೀಟರ್. 100 ಸೆಕೆಂಡಿನದು 50 ಕಿಲೋಮೀಟರ್. 10,000 ಸೆಕೆಂಡ್, ಅಂದರೆ ಹೆಚ್ಚೂಕಮ್ಮಿ ಎರಡೂ ಮುಕ್ಕಾಲು ಗಂಟೆಯ ಒಂದು ಅಲುಗಾಟ, 500 ಕಿಲೋಮೀಟರ್. ಅದೇ ಜಾಗದಲ್ಲಿ 1 ಓಮ್-ಮೀಟರಿನ ಉಪ್ಪು ಜೇಡಿ ದಪ್ಪವಾಗಿ ತುಂಬಿದ್ದರೆ 1 ಸೆಕೆಂಡಿನ ಅಲುಗಾಟ ಅರ್ಧ ಕಿಲೋಮೀಟರಿಗೇ ನಿಂತುಹೋಗುತ್ತದೆ.

3 ವಾರ ಯಾಕೆ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. 10,000 ಸೆಕೆಂಡಿನ ಅಲುಗಾಟ ಒಂದು ದಿನದಲ್ಲಿ ಎಂಟೋ ಒಂಬತ್ತೋ ಸಲ ಬರುತ್ತದೆ. ಅಷ್ಟರ ಮೇಲೆ ಸರಾಸರಿ ನಂಬಲು ಆಗುವುದಿಲ್ಲ. 3 ವಾರಕ್ಕೆ 180ರಷ್ಟು ಸಿಗುತ್ತವೆ. ಜೊತೆಗೆ ಸೂರ್ಯನ ಚಟುವಟಿಕೆ ಕಡಿಮೆ ಇರುವ ದಿನಗಳಲ್ಲಿ ಸಿಗ್ನಲ್ ತೀರಾ ಸೊರಗಿರುತ್ತದೆ, ಕಾಯಬೇಕು. ಬರೀ ಕೆಲವೇ ಕಿಲೋಮೀಟರ್ ಆಳ ಸಾಕು ಅನ್ನುವವರು ಒಂದೆರಡು ರಾತ್ರಿಗೆ ಕೆಲಸ ಮುಗಿಸುತ್ತಾರೆ. ಇನ್ನೊಂದು ತುದಿಯಲ್ಲಿ, ದಿನಗಟ್ಟಲೆ, ತಿಂಗಳುಗಟ್ಟಲೆ ನಡೆಯುವ ಏರಿಳಿತವನ್ನು ಹಿಡಿಯಲು ಕಾಂತಕ್ಷೇತ್ರದ ಕಾಯಂ ವೀಕ್ಷಣಾಲಯಗಳು, ಜೊತೆಗೆ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ 2013ರಲ್ಲಿ ಹಾರಿಸಿದ ಸ್ವಾರ್ಮ್ ಉಪಗ್ರಹಗಳು ಇವೆ. ಅವುಗಳಿಂದ 1,000 ಕಿಲೋಮೀಟರ್ ಆಚೆಗೂ ಒಂದು ಮಸುಕು ಅಂದಾಜು ಸಿಗುತ್ತದೆ. ಮನುಷ್ಯ ಕೊರೆದ ಅತ್ಯಂತ ಆಳದ ರಂಧ್ರ ರಷ್ಯಾದ ಕೋಲಾ ಬಾವಿ, 12,262 ಮೀಟರ್. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಅದಕ್ಕೇ ಇಂಥ ಪರೋಕ್ಷ ದಾರಿ ಹಿಡಿಯುವುದು.

ಈ ವಿಧಾನಕ್ಕೆ ಬುನಾದಿ ಹಾಕಿದ್ದು ರಷ್ಯಾದ ಟಿಖೊನೊವ್, 1950ರಲ್ಲಿ, ಮತ್ತು ಫ್ರಾನ್ಸಿನ ಕ್ಯಾನ್ಯಾರ್, 1953ರಲ್ಲಿ. ಇಬ್ಬರೂ ಬೇರೆಬೇರೆಯಾಗಿ ಒಂದೇ ಜಾಗಕ್ಕೆ ಬಂದರು. ಸಿಡಿಲು ಎಷ್ಟು ಜೋರು, ಸೂರ್ಯ ಎಷ್ಟು ಜೋರು ಅನ್ನುವುದು ಗೊತ್ತಿರಬೇಕಿಲ್ಲ. ಒಂದೇ ಜಾಗದಲ್ಲಿ ನೆಲದ ವೋಲ್ಟೇಜನ್ನೂ ಕಾಂತಕ್ಷೇತ್ರದ ಅಲುಗಾಟವನ್ನೂ ಒಟ್ಟಿಗೆ ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಮೂಲದ ಜೋರು ಎರಡೂ ಕಡೆಯಿಂದ ಹೊರಟುಹೋಗುತ್ತದೆ, ಬಂಡೆಯ ಗುಣ ಉಳಿಯುತ್ತದೆ. ಷರತ್ತು ಒಂದೇ. ಮೂಲ ದೂರದಲ್ಲಿರಬೇಕು, ದೊಡ್ಡ ಪ್ರದೇಶಕ್ಕೆ ಒಂದೇ ಸಮ ಬೀಳಬೇಕು. ಧ್ರುವಗಳ ಹತ್ತಿರ, ಹಗಲು ಹೊತ್ತು ಕಾಂತೀಯ ಸಮಭಾಜಕದ ಹತ್ತಿರ, ಆಕಾಶದಲ್ಲಿ ಹರಿಯುವ ಕರೆಂಟಿನ ಪಟ್ಟಿಗಳು ಈ ಷರತ್ತನ್ನು ಕೆಡಿಸುತ್ತವೆ. ಅಲ್ಲಿ ಲೆಕ್ಕಕ್ಕೆ ಯಾವ ಹೊತ್ತಿನ ದಾಖಲೆ ತೆಗೆದುಕೊಳ್ಳಬೇಕು ಅನ್ನುವುದರಲ್ಲಿ ಹುಷಾರಾಗಿರಬೇಕು.

ದೂರದ ಮೂಲ ಬೇಕು ಎಂದ ಮೇಲೆ ಹತ್ತಿರದ ಮೂಲಗಳೆಲ್ಲ ಶತ್ರುಗಳೇ. ವಿದ್ಯುತ್ ಲೈನು, ಪಂಪ್‌ಸೆಟ್ಟು, ಲೋಹದ ಪೈಪ್‌ಲೈನು ತುಕ್ಕು ಹಿಡಿಯದಿರಲಿ ಅಂತ ಬಿಡುವ ಕರೆಂಟು, ಡಿಸಿ ಕರೆಂಟಿನ ರೈಲು. ರೈಲಂತೂ ಹತ್ತಾರು ಕಿಲೋಮೀಟರ್ ದೂರದಿಂದಲೇ ದಾಖಲೆ ಕೆಡಿಸುತ್ತದೆ. ನಿಮ್ಮಲ್ಲಿ ಕರೆಂಟ್ ಬೇಲಿ ಇದ್ದರೆ ಅದನ್ನೂ ಕೇಳುತ್ತಾರೆ. ಅದಕ್ಕೊಂದು ಕಾರಣ ಇದೆ. ಬೇಲಿ ಸುಮಾರು ಸೆಕೆಂಡಿಗೊಮ್ಮೆ ಮಿಡಿಯುತ್ತದೆ. ಸರಿಯಾಗಿ 1 ಸೆಕೆಂಡ್ ಆಸುಪಾಸಿನಲ್ಲೇ ಸಿಡಿಲೂ ಕೈಕೊಡುತ್ತದೆ, ಸೂರ್ಯನೂ ಕೈಕೊಡುತ್ತಾನೆ. ನೈಸರ್ಗಿಕ ಸಿಗ್ನಲ್ ಅತ್ಯಂತ ಸೊರಗಿರುವ ಜಾಗ ಅದು. ನೂರಾರು, ಸಾವಿರಾರು ಸೆಕೆಂಡಿನ ಅಲುಗಾಟ ಹುಡುಕುವ ಆಳದ ಸರ್ವೆಗೆ ಬೇಲಿ ಅಷ್ಟೇನೂ ತೊಂದರೆ ಕೊಡದು. ಹಾಗಾಗಿ 3 ವಾರ ಬೇಲಿ ಆರಿಸಿ ಎಂದರೆ ‘ಪೆಟ್ಟಿಗೆಯನ್ನೇ ದೂರ ಇಡಿ’ ಎಂದು ಹೇಳಲು ನಿಮಗೆ ಹಕ್ಕಿದೆ. 1979ರಿಂದ ಅವರ ಕೈಯಲ್ಲೂ ಒಂದು ಒಳ್ಳೆಯ ಉಪಾಯ ಇದೆ. ತುಂಬ ದೂರದ ಇನ್ನೊಂದು ಜಾಗದಲ್ಲಿ ಅದೇ ಹೊತ್ತಿಗೆ ಕಾಂತಕ್ಷೇತ್ರ ದಾಖಲಿಸಿ, ಎರಡೂ ಕಡೆ ಕಂಡದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಪೆಟ್ಟಿಗೆಗೆ ಜಿಪಿಎಸ್ ಜೋಡಿಸುವುದು ಮುಖ್ಯವಾಗಿ ಗಡಿಯಾರಗಳು ಹೊಂದಲಿ ಅಂತ. ನಿಮ್ಮ ಮೇಲೆ ಕಣ್ಣಿಡಲು ಅಲ್ಲ.

ಇನ್ನು ಕೆಂಪು ಮಚ್ಚೆ. ನನ್ನನ್ನು ಕೇಳಿದರೆ ನಿಮ್ಮ ಪ್ರಶ್ನೆಗಳಲ್ಲಿ ಅತ್ಯಂತ ಒಳ್ಳೆಯದು ಇದೇ.

ಆ ಚಿತ್ರ ಫೋಟೋ ಅಲ್ಲ. ಅದರಲ್ಲಿ ಕೆಂಪು ಅಂದರೆ ಸಾಮಾನ್ಯವಾಗಿ ರೆಸಿಸ್ಟಿವಿಟಿ ಕಡಿಮೆ ಇರುವ ಜಾಗ. ನೆಲದ ಮೇಲೆ ಅಳೆದ ಅಂಕಿಗಳಿಗೆ ಹೊಂದುವಂಥ ಒಳಗನ್ನು ಕಂಪ್ಯೂಟರ್ ಹುಡುಕಿ ಕೊಟ್ಟಿದೆ. ಇದನ್ನು ಇನ್ವರ್ಷನ್ ಎನ್ನುತ್ತೇವೆ. ತೊಂದರೆ ಏನೆಂದರೆ, ಹೊಂದುವ ಒಳಗುಗಳು ಒಂದಲ್ಲ, ಲೆಕ್ಕವಿಲ್ಲದಷ್ಟು. 10 ಕಿಲೋಮೀಟರ್ ದಪ್ಪದ, 10 ಓಮ್-ಮೀಟರಿನ ಪದರ. 1 ಕಿಲೋಮೀಟರ್ ದಪ್ಪದ, 1 ಓಮ್-ಮೀಟರಿನ ಪದರ. ಆಳದಲ್ಲಿ ಇವೆರಡರಲ್ಲಿ ಯಾವುದು ಇದ್ದರೂ ಮೇಲೆ ಅಳೆಯುವವರಿಗೆ ಹೆಚ್ಚೂಕಮ್ಮಿ ಒಂದೇ ಅಂಕಿ ಸಿಗುತ್ತದೆ. ದಪ್ಪವನ್ನು ರೆಸಿಸ್ಟಿವಿಟಿಯಿಂದ ಭಾಗಿಸಿದರೆ ಬರುವ ಅಂಕಿ ನಮಗೆ ಗೊತ್ತಾಗುತ್ತದೆ. ಬಿಡಿಬಿಡಿಯಾಗಿ ಗೊತ್ತಾಗುವುದಿಲ್ಲ. ಮಚ್ಚೆಯ ನೆತ್ತಿ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಎಂಟಿ ಚೆನ್ನಾಗಿ ಹೇಳುತ್ತದೆ. ತಳ ಎಲ್ಲಿ ಅಂತ ಕೇಳಿದರೆ ತಡವರಿಸುತ್ತದೆ. ಕರೆಂಟ್ ಚೆನ್ನಾಗಿ ಹರಿಯುವ ಜಾಗ ಅಲುಗಾಟವನ್ನು ನುಂಗಿಬಿಡುತ್ತದೆ, ಅದರ ಕೆಳಗಿನದು ಮಸುಕಾಗುತ್ತದೆ. 

ಇಷ್ಟೊಂದು ಸಾಧ್ಯತೆಗಳಲ್ಲಿ ಕಂಪ್ಯೂಟರ್ ಯಾವುದನ್ನು ಆರಿಸುತ್ತದೆ? ಸಾಮಾನ್ಯವಾಗಿ ಅತ್ಯಂತ ನುಣುಪಾದದ್ದನ್ನು. 1987ರಿಂದ ಚಾಲ್ತಿಯಲ್ಲಿರುವ ಆಕ್ಯಾಮ್ ಎಂಬ ಪದ್ಧತಿಯ ತಿರುಳು ಇದು: ಅಂಕಿಗೆ ಹೊಂದಬೇಕು, ಅಂಕಿ ಕೇಳದ ಏರುತಗ್ಗು ಇರಬಾರದು. ಒಳ್ಳೆಯ ನೀತಿಯೇ. ಆದರೆ ಚಿತ್ರದ ಅಂಚುಗಳು ಅಷ್ಟು ನಯವಾಗಿ ಬಣ್ಣ ಬದಲಿಸುವುದು ನೆಲ ಹಾಗಿದೆ ಅಂತ ಅಲ್ಲ. ನಾವು ಹಾಗೆ ಕೇಳಿಕೊಂಡಿದ್ದೇವೆ ಅಂತ. ಒಳಗೆ ಗೋಡೆ ಕಡಿದಂತೆ ನೆಟ್ಟಗಿನ ಅಂಚೇ ಇರಬಹುದು. 100 ಕಿಲೋಮೀಟರ್ ಕೆಳಗೆ 1 ಕಿಲೋಮೀಟರ್ ಗಾತ್ರದ ವಸ್ತು ಇದ್ದರೂ ನಮಗೆ ಕಾಣಿಸುವುದೇ ಇಲ್ಲ. ಆಳ ಹೆಚ್ಚಿದಂತೆ ಕಣ್ಣು ಮಂಜಾಗುತ್ತದೆ. ಇದರ ಜೊತೆಗೆ ಮೇಲ್ಮಟ್ಟದ ಒಂದು ಕಾಟ ಇದೆ. ಎಲೆಕ್ಟ್ರೋಡಿನ ಪಕ್ಕ ಸಣ್ಣ ಜೇಡಿಮಣ್ಣಿನ ತೇಪೆ ಇದ್ದರೆ ಸಾಕು, ವೋಲ್ಟೇಜ್ ಕೆಟ್ಟು, ಅಳತೆಯಿಂದ ಬಿಡಿಸಿದ ರೆಸಿಸ್ಟಿವಿಟಿಯ ಇಡೀ ಗೆರೆ (ಕರ್ವ್) ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಕರ್ವ್ 4 ಪಟ್ಟು ಮೇಲೇರಿದರೆ ಆಳದ ಲೆಕ್ಕ 2 ಪಟ್ಟು ತಪ್ಪುತ್ತದೆ. ಇದನ್ನು ಸರಿಪಡಿಸುವ ದಾರಿಗಳಿವೆ. ಸರಿಪಡಿಸದೆ ಚಿತ್ರ ಬಿಡಿಸುವವರೂ ಇದ್ದಾರೆ.

ಸರಿ, ಮಚ್ಚೆ ಇದೆ ಅಂತಲೇ ಇಟ್ಟುಕೊಳ್ಳೋಣ. ಅದು ಏನು? ಎಂಟಿ ಹೇಳುವುದು ‘ಇಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದೆ’ ಅಂತ ಮಾತ್ರ. ಲಾವಾ, ನೀರು ಅನ್ನುವ ಹೆಸರುಗಳನ್ನು ಇಡುವವರು ನಾವು. ಒಣ ಗ್ರಾನೈಟ್ ಸಾವಿರಾರು ಓಮ್-ಮೀಟರ್, ಇನ್ನೂ ಜಾಸ್ತಿಯೂ ಇರುತ್ತದೆ. ಸಮುದ್ರದ ನೀರು 0.3. ಆಳದ ಬಿಸಿ ಉಪ್ಪುನೀರು ಅದಕ್ಕಿಂತ ಕಡಿಮೆ. ಕರಗಿದ ಶಿಲಾರಸ ಒಂದರ ಆಸುಪಾಸು. ಜೇಡಿಮಣ್ಣು ಒಂದರಿಂದ ಕೆಲವು ಹತ್ತು. ಗ್ರಾಫೈಟ್, ಅಂದರೆ ಪೆನ್ಸಿಲ್ ಸೀಸದ ಆ ಇಂಗಾಲ, ಇವೆಲ್ಲಕ್ಕಿಂತ ಚೆನ್ನಾಗಿ ಕರೆಂಟ್ ಹರಿಸುತ್ತದೆ. ಇದರಲ್ಲಿ ಯಾವುದೂ ಕೆಂಪು ಮಚ್ಚೆಯಾಗಬಹುದು. ಎಷ್ಟು ಇದೆ ಅನ್ನುವುದಕ್ಕಿಂತ ಒಂದಕ್ಕೊಂದು ಕೂಡಿಕೊಂಡಿದೆಯಾ ಅನ್ನುವುದು ಮುಖ್ಯ. ಬಂಡೆಯ ಹರಳುಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಬಿಡದೆ ಹಬ್ಬಿದ್ದರೆ ಸಾಕು, ಇಡೀ ಬಂಡೆ ವಾಹಕವಾಗಿ ಕಾಣುತ್ತದೆ. ಅದೇ ದ್ರವ ಬಿಡಿ ಬಿಡಿ ಗುಳ್ಳೆಗಳಾಗಿದ್ದರೆ ಹತ್ತು ಪಟ್ಟು ಇದ್ದರೂ ಕಾಣದು.

ಕೊರೆದು ನೋಡಿದ ಉದಾಹರಣೆಗಳು ಕಡಿಮೆ. ಇರುವವು ಪಾಠ ಕಲಿಸುತ್ತವೆ. ಜರ್ಮನಿಯ ಬವೇರಿಯಾದಲ್ಲಿ ಕೆಟಿಬಿ ಎಂಬ ವೈಜ್ಞಾನಿಕ ಬಾವಿಯನ್ನು 1994ರ ಹೊತ್ತಿಗೆ 9,101 ಮೀಟರ್ ಆಳಕ್ಕೆ ಕೊರೆದರು. ಅಲ್ಲಿ ಕೆಳಗೆ ಕರೆಂಟ್ ಚೆನ್ನಾಗಿ ಹರಿಯುತ್ತದೆ ಎಂದು ಮೊದಲೇ ಅಳತೆ ಹೇಳಿತ್ತು. ಕೊರೆದಾಗ ಬಂಡೆಗಳು ಒಂದರ ಮೇಲೊಂದು ಜಾರಿ ಉಜ್ಜಿದ ಪಟ್ಟಿಗಳಲ್ಲಿ ಗ್ರಾಫೈಟ್ ಬಳಿದುಕೊಂಡಿತ್ತು. ಉಪ್ಪುನೀರೂ ಸಿಕ್ಕಿತು. ಶಿಲಾರಸ ಮಾತ್ರ ಇಲ್ಲ. ಐಸ್‌ಲ್ಯಾಂಡಿನ ಕ್ರಾಫ್ಲಾದಲ್ಲಿ ಇದಕ್ಕೆ ತದ್ವಿರುದ್ಧ ಆಯಿತು. ಜ್ವಾಲಾಮುಖಿ ಪ್ರದೇಶ, ವಿದ್ಯುತ್‌ಕಾಂತೀಯ ಅಳತೆಗಳೆಲ್ಲ ಆಗಿದ್ದವು. 4 ಕಿಲೋಮೀಟರಿಗಿಂತ ಆಳಕ್ಕೆ ಕೊರೆಯುವ ಯೋಜನೆ ಹಾಕಿ 2009ರಲ್ಲಿ ಇಳಿದರೆ, ಸುಮಾರು 2.1 ಕಿಲೋಮೀಟರಿಗೇ ಡ್ರಿಲ್ ಶಿಲಾರಸಕ್ಕೆ ಹೋಗಿ ಸಿಕ್ಕಿಕೊಂಡಿತು. ಅಷ್ಟು ಮೇಲೆ ಅದು ಇರುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ಬಿಸಿನೀರಿನ ಶಕ್ತಿ ಹುಡುಕುವವರಿಗೆ ಇನ್ನೊಂದು ವಿಚಿತ್ರ ಗೊತ್ತು. ಹೆಚ್ಚು ಬಿಸಿಯ ಕ್ಷೇತ್ರಗಳಲ್ಲಿ ಕಡುಗೆಂಪು ಬರುವುದು ಮೇಲಿನ ಜೇಡಿಯ ಮುಚ್ಚಳದಿಂದ. ಅದು 200 ಡಿಗ್ರಿಗಿಂತ ಕೆಳಗಿನ ಬಿಸಿಯಲ್ಲಿ ಹುಟ್ಟುವ ಜೇಡಿ. ಅದಕ್ಕಿಂತ ಬಿಸಿಯಾದರೆ ಜೇಡಿ ಬೇರೆ ಖನಿಜವಾಗಿ ಮಾರ್ಪಟ್ಟು ರೆಸಿಸ್ಟಿವಿಟಿ ಮತ್ತೆ ಏರುತ್ತದೆ. ಅಂದರೆ ಬೇಕಾದ ಬಿಸಿ ಇರುವುದು ಕೆಂಪಿನಲ್ಲಿ ಅಲ್ಲ, ಅದರ ಕೆಳಗೆ. ಬಣ್ಣ ನೋಡಿ ಬಿಸಿ ಎಂದು ಓದಿದವರು ತಪ್ಪು ಜಾಗದಲ್ಲಿ ಕೊರೆಯುತ್ತಾರೆ.

ಹಾಗಂತ ಏನೂ ಹೇಳಲಾಗದು ಅಂತಲ್ಲ. ಟಿಬೆಟ್ ಪ್ರಸ್ಥಭೂಮಿಯ ಅಡಿಯಲ್ಲಿ 15ರಿಂದ 20 ಕಿಲೋಮೀಟರ್ ಆಳದಿಂದ ಶುರುವಾಗುವ ವಾಹಕ ಪದರ ಉದ್ದಗಲಕ್ಕೂ ಸಿಕ್ಕಿದೆ. ಅಲ್ಲಿ ಭೂಕಂಪದ ಅಲೆಗಳೂ ನಿಧಾನವಾಗುತ್ತವೆ, ನೆಲದ ಶಾಖವೂ ಜಾಸ್ತಿ. ಮೂರೂ ಒಂದೇ ಕಡೆ ಕೈ ತೋರಿಸಿದಾಗ ಭಾಗಶಃ ಕರಗಿದ ಬಂಡೆ, ಜೊತೆಗೆ ಉಪ್ಪಿನ ದ್ರವ ಎಂದು ಧೈರ್ಯವಾಗಿ ಹೇಳಬಹುದು. ನಿಮಗೆ ತೋರಿಸಿದ 30 ಕಿಲೋಮೀಟರಿನ ಮಚ್ಚೆ ಹಳೆಯ, ತಣ್ಣಗಿನ, ಜ್ವಾಲಾಮುಖಿ ಇಲ್ಲದ ಭೂಭಾಗದ್ದಾದರೆ ನಾನು ಮೊದಲು ಗ್ರಾಫೈಟನ್ನೂ ಉಪ್ಪುನೀರನ್ನೂ ಅನುಮಾನಿಸುತ್ತೇನೆ. ಜ್ವಾಲಾಮುಖಿಯ ಅಡಿಯದ್ದಾದರೆ ಶಿಲಾರಸವನ್ನು. ಯಾವ ಜಾಗದ ಚಿತ್ರ ಅಂತ ಕೇಳದೆ ಉತ್ತರ ಹೇಳುವವರನ್ನು ನಂಬಬೇಡಿ.

‘ಭೂಮಿಯೊಳಗೆ ಮಹಾಸಾಗರ ಪತ್ತೆ’ ಎಂಬ ಸುದ್ದಿಯೂ ಆಗಾಗ ಬರುತ್ತದೆ. ನೀವು ಓದಿರಬಹುದು. 2014ರಲ್ಲಿ ಬ್ರೆಜಿಲಿನ ಒಂದು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಚೂರು ಸಿಕ್ಕ ಸುದ್ದಿ ಪ್ರಕಟವಾಯಿತು. ಭೂಮಿಯ ಹೊರಚಿಪ್ಪಿನ ಕೆಳಗಿರುವ ಮ್ಯಾಂಟಲ್‌ನಲ್ಲಿ, 410ರಿಂದ 660 ಕಿಲೋಮೀಟರ್ ಆಳದ ಪದರದಲ್ಲಿ ಹುಟ್ಟುವ ಖನಿಜ ಅದು, ತೂಕದಲ್ಲಿ ಸುಮಾರು ಶೇ. 1.5ರಷ್ಟು ನೀರು ಇತ್ತು. ಅಲ್ಲಿ ಅಲೆ ಹೊಡೆಯುವ ನೀರಿಲ್ಲ, ಹರಳಿನ ಕಟ್ಟಡದೊಳಗೆ ಸಿಕ್ಕಿಕೊಂಡ ಜಲಜನಕ ಇದೆ. ಆ ಜಲಜನಕವೂ ಕರೆಂಟ್ ಹರಿಯಲು ನೆರವಾಗುತ್ತದೆ. ಹಾಗಾಗಿ ಆ ಆಳದಲ್ಲಿ ನೀರು ಎಷ್ಟಿದೆ ಎಂದು ಅಂದಾಜಿಸುವ ಕೆಲವೇ ದಾರಿಗಳಲ್ಲಿ ನಮ್ಮದೂ ಒಂದು. ಆದರೆ ಎಷ್ಟು ಜಲಜನಕಕ್ಕೆ ಎಷ್ಟು ವಾಹಕತೆ ಅನ್ನುವುದರಲ್ಲಿ ಪ್ರಯೋಗಾಲಯಗಳ ನಡುವೆಯೇ ಜಗಳ ಇದೆ.

ಭೂಕಂಪ ಮೊದಲೇ ಗೊತ್ತಾಗುತ್ತದಾ? ಇಲ್ಲ. ನೆಲದ ವೋಲ್ಟೇಜಿನಿಂದ ಭೂಕಂಪ ಹೇಳುತ್ತೇವೆ ಎಂದು ಗ್ರೀಸ್ ದೇಶದಲ್ಲಿ 1980ರ ದಶಕದಲ್ಲಿ ವ್ಯಾನ್ ಎಂಬ ವಿಧಾನ ಬಂತು. ವರ್ಷಗಟ್ಟಲೆ ವಾದ ನಡೆಯಿತು, ಒಪ್ಪಿಗೆ ಸಿಗಲಿಲ್ಲ. ಕ್ಯಾಲಿಫೋರ್ನಿಯಾದ ಲೋಮಾ ಪ್ರೀಟಾದಲ್ಲಿ 1989ರಲ್ಲಿ 6.9 ತೀವ್ರತೆಯ ಭೂಕಂಪಕ್ಕೆ ಮೊದಲು ಹತ್ತಿರದ ಒಂದು ಯಂತ್ರದಲ್ಲಿ ಕಾಂತಕ್ಷೇತ್ರ ಏರಿದ್ದು ತುಂಬ ಹೆಸರಾಯಿತು. 2009ರಲ್ಲಿ ಮತ್ತೆ ಪರಿಶೀಲಿಸಿದವರು ಅದು ಯಂತ್ರದ ದೋಷವೇ ಇರಬೇಕು ಎಂದರು. ಬಿರುಕುಗಳಲ್ಲಿ ಎಲ್ಲಿ ದ್ರವ ತುಂಬಿದೆ, ಎಲ್ಲಿ ಒಣಗಿದೆ ಅನ್ನುವುದನ್ನು ಎಂಟಿ ತೋರಿಸುತ್ತದೆ. ಭೂಕಂಪ ಹೇಗೆ ನಡೆಯುತ್ತದೆ ಎಂದು ತಿಳಿಯಲು ಅದು ಬೇಕು. ಯಾವತ್ತು ನಡೆಯುತ್ತದೆ ಅನ್ನುವುದಕ್ಕೆ ಉಪಯೋಗವಿಲ್ಲ.

ನಿಜವಾದ, ನಾಳೆಗೇ ಕೆಲಸಕ್ಕೆ ಬರುವ ಉಪಯೋಗ ಬೇರೆ ಇದೆ. 1989ರ ಮಾರ್ಚ್ 13ರಂದು ಸೌರ ಬಿರುಗಾಳಿ ಬಡಿದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನರಿಗೆ 9 ಗಂಟೆ ಕರೆಂಟ್ ಹೋಯಿತು. ಅಲ್ಲಿಯ ನೆಲ ಹಳೆಯ ಗಟ್ಟಿ ಬಂಡೆ, ಕರೆಂಟ್ ಹರಿಯಲು ಬಿಡುವುದಿಲ್ಲ. ಅಂಥ ಕಡೆ ನೆಲದಲ್ಲಿ ವೋಲ್ಟೇಜ್ ಏರುತ್ತದೆ, ಕರೆಂಟ್ ಟ್ರಾನ್ಸ್‌ಫಾರ್ಮರುಗಳ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಯಾವ ಊರಿನ ಗ್ರಿಡ್ಡಿಗೆ ಎಷ್ಟು ಅಪಾಯ ಎಂದು ಹೇಳಲು ಕೆಳಗಿನ ಬಂಡೆ ಗೊತ್ತಿರಬೇಕು. ಅಮೆರಿಕದಲ್ಲಿ 70 ಕಿಲೋಮೀಟರಿಗೊಂದರಂತೆ ದೇಶದುದ್ದಕ್ಕೂ ಎಂಟಿ ಪೆಟ್ಟಿಗೆ ಇಟ್ಟು ಅಳೆದದ್ದು ಈಗ ಈ ಲೆಕ್ಕಕ್ಕೆ ಬಳಕೆಯಾಗುತ್ತಿದೆ.

ಪಕ್ಕದ ಜಮೀನಿನವರ ಗಣಿಯ ಮಾತಿಗೆ ಬರೋಣ. ಅವರ ಅನುಮಾನ ಪೂರ್ತಿ ಹುಸಿಯಲ್ಲ. ಆಸ್ಟ್ರೇಲಿಯಾದಲ್ಲಿ ಸುಮಾರು 55 ಕಿಲೋಮೀಟರ್ ಅಂತರದಲ್ಲಿ ದೇಶವ್ಯಾಪಿ ಎಂಟಿ ಸರ್ವೆ ನಡೆಯುತ್ತಿದೆ, ಅದರ ಒಂದು ಉದ್ದೇಶ ಖನಿಜ ಸಿಗಬಹುದಾದ ಪ್ರದೇಶ ಗುರುತಿಸುವುದು. ಅಲ್ಲಿಯ ಒಲಿಂಪಿಕ್ ಡ್ಯಾಮ್ ಎಂಬ ಭಾರಿ ತಾಮ್ರದ ಗಣಿಯ ಅಡಿಯಲ್ಲಿ ಆಳದಿಂದ ಮೇಲೆದ್ದು ಬರುವ ವಾಹಕ ದಾರಿಗಳು ಎಂಟಿಯಲ್ಲಿ ಕಂಡಿವೆ. ಆದರೆ ಅದು ಪ್ರದೇಶದ ಮಾತು, ನಿಮ್ಮ ಸರ್ವೆ ನಂಬರಿನ ಮಾತಲ್ಲ. ಗುಟ್ಟು ತಿಳಿಯಲು ಒಂದೇ ಪ್ರಶ್ನೆ ಸಾಕು: ‘ನಿಮ್ಮ ಮುಂದಿನ ಪೆಟ್ಟಿಗೆ ಎಷ್ಟು ದೂರದಲ್ಲಿ?’ 50, 70 ಕಿಲೋಮೀಟರ್ ಎಂದರೆ ಅವರಿಗೆ ಬೇಕಿರುವುದು ಭೂಖಂಡದ ಬೇರು. ನಿಮ್ಮ ಜಮೀನಿನ ಬಗ್ಗೆ ಅವರಿಗೆ ಏನೂ ಗೊತ್ತಾಗುವುದಿಲ್ಲ. 200 ಮೀಟರಿಗೊಂದು, ಅರ್ಧ ಕಿಲೋಮೀಟರಿಗೊಂದು ಎಂದರೆ ಅವರು ಮೇಲಿನ ಕೆಲವೇ ಕಿಲೋಮೀಟರುಗಳಲ್ಲಿ ಏನನ್ನೋ ಹುಡುಕುತ್ತಿದ್ದಾರೆ. ಹಾಗಿದ್ದರೆ ಹಣ ಯಾರದು, ಫಲಿತಾಂಶ ಯಾರಿಗೆ ಎಂದು ಲಿಖಿತವಾಗಿ ಕೇಳಿ.

ಜಾಗ ಕೊಡುವುದಾ ಬೇಡವಾ? ಕೊಡುವುದಿಲ್ಲ ಎಂದರೆ ನಿಮಗೆ ನಷ್ಟವಿಲ್ಲ. ಅವರು ಕೆಲವು ಕಿಲೋಮೀಟರ್ ಆಚೆ ಬೇರೆ ಜಾಗ ನೋಡಿಕೊಳ್ಳುತ್ತಾರೆ. ಅಷ್ಟು ಅಂತರದ ಸರ್ವೆಯಲ್ಲಿ ಅದು ದೊಡ್ಡ ವಿಷಯವಲ್ಲ, ಸಂಕೋಚ ಬೇಡ. ಮಾತಿನಲ್ಲೇ ಒಪ್ಪಿ ಕೊಟ್ಟುಬಿಟ್ಟರೆ ಸಾಧಾರಣವಾಗಿ ಏನೂ ಆಗುವುದಿಲ್ಲ. ಆದರೆ ದನ ವೈರು ತೊಡರಿ ಬಿದ್ದರೆ, ಇಲಿ ಕಡಿದು ಹಾಕಿದರೆ, ಬ್ಯಾಟರಿ ಕಳುವಾದರೆ ಯಾರ ತಲೆಗೆ ಅನ್ನುವ ರಗಳೆ ಉಳಿಯುತ್ತದೆ. ನಾನಾಗಿದ್ದರೆ ಒಂದು ಪುಟದ ಕಾಗದ ಮಾಡಿಸಿ ಕೊಡುತ್ತಿದ್ದೆ. ಯಾವ ತಾರೀಕಿನಿಂದ ಯಾವ ತಾರೀಕಿಗೆ, ಟ್ರಾನ್ಸ್‌ಮಿಟರ್ ಇಲ್ಲ, ಕೊರೆಯುವುದಿಲ್ಲ, ಸಾಮಾನು ಕೆಟ್ಟರೆ ಜವಾಬ್ದಾರಿ ತಂಡದ್ದು, ಈ ಒಪ್ಪಿಗೆ ಮುಂದಿನ ಯಾವ ಕೆಲಸಕ್ಕೂ ಅನ್ವಯಿಸುವುದಿಲ್ಲ. ಈ ಕೊನೆಯ ಸಾಲು ಬಿಡಬೇಡಿ. ನಿಮ್ಮ ನೆರೆಯವರ ಹೆದರಿಕೆಗೆ ಉತ್ತರ ಇರುವುದು ಅಲ್ಲೇ. ದನ ಮೇಯುವ ಜಾಗ ಬಿಟ್ಟು ಮೂಲೆಯ ಜಾಗ ತೋರಿಸಿ. ವೈರನ್ನು ಸಣ್ಣ ಕಾಲುವೆ ತೆಗೆದು ಹೂಳಲು ಹೇಳಿ. ಗಾಳಿಗೆ ಅಲುಗದ ವೈರು ಅವರಿಗೂ ಒಳ್ಳೆಯದೇ.

ಎರಡು ಅಪಾಯಗಳನ್ನು ಮಾತ್ರ ತಂಡದವರು ತಾವಾಗಿ ಹೇಳುವುದು ಕಡಿಮೆ. ಗುಡುಗು ಮಿಂಚು ಇರುವಾಗ ವೈರನ್ನೂ ಪೆಟ್ಟಿಗೆಯನ್ನೂ ಯಾರೂ ಮುಟ್ಟಬಾರದು. ನೆಲದ ಮೇಲೆ ಮಲಗಿರುವ ವೈರು ಸಿಡಿಲನ್ನು ಕರೆಯುವುದಿಲ್ಲ. ಆದರೆ ಹತ್ತಿರ ಸಿಡಿಲು ಹೊಡೆದರೆ ನೆಲದ ಈ ತುದಿಗೂ ಆ ತುದಿಗೂ ಭಾರಿ ವೋಲ್ಟೇಜ್ ಏಳುತ್ತದೆ, ವೈರು ಅದನ್ನು ಕೈಗೆ ತಂದು ಕೊಡುತ್ತದೆ. ಇನ್ನೊಂದು, ಎಲೆಕ್ಟ್ರೋಡ್ ಪಾಟ್‌ಗಳು, ಅಂದರೆ ವೈರಿಗೆ ಜೋಡಿಸಿ ಹೂಳುವ ಕುಡಿಕೆಗಳು. ಅವುಗಳೊಳಗೆ ಸಾಮಾನ್ಯವಾಗಿ ಸೀಸದ ಕ್ಲೋರೈಡ್ ಇರುತ್ತದೆ, ಕೆಲವರು ಮೈಲುತುತ್ತ ಬಳಸುತ್ತಾರೆ. ಮುಚ್ಚಿರುವವರೆಗೆ ತೊಂದರೆ ಇಲ್ಲ. ಒಡೆದು ಮಣ್ಣಲ್ಲಿ ಉಳಿಯಬಾರದು. ಬಾವಿಯ ಪಕ್ಕ ಹೂಳಲು ಬಿಡಬೇಡಿ, ನೇಗಿಲು ಹೋಗುವ ಸಾಲಿನಲ್ಲೂ ಬೇಡ. ನಾಲ್ಕು ತುದಿಗೆ ನಾಲ್ಕು, ನಡುವೆ ಒಂದು, ಒಟ್ಟು ಐದು ಇರುತ್ತವೆ. ಹೋಗುವಾಗ ಐದೂ ಇಡಿಯಾಗಿ ಹೊರಬಂದವೇ ಎಂದು ಎದುರಿಗೇ ನೋಡಿ.

ಕೈಯಲ್ಲಿ ಹಿಡಿದು 500 ಮೀಟರ್ ಕೆಳಗಿನ ನೀರು ತೋರಿಸುವ ಮೆಷಿನ್ ಇದೇ ವಿದ್ಯೆಯಾ ಎಂದಿದ್ದೀರಿ. ಅಲ್ಲ. ಅರ್ಧ ಕಿಲೋಮೀಟರ್ ನೋಡಲು ನಮಗೆ ಉದ್ದನೆಯ ವೈರು, ಮಣ್ಣಲ್ಲಿ ಹೂತ ಸೆನ್ಸರ್, ಗಂಟೆಗಟ್ಟಲೆ ದಾಖಲೆ ಬೇಕು. ಅಷ್ಟೆಲ್ಲ ಮಾಡಿದ ಮೇಲೂ ಸಿಗುವುದು ರೆಸಿಸ್ಟಿವಿಟಿ. ಅದರಲ್ಲಿ ಒದ್ದೆ ಜೇಡಿಯೂ ನೀರು ತುಂಬಿದ ಬಿರುಕೂ ಒಂದೇ ಥರ ಕಾಣಬಹುದು. ನಾಲ್ಕು ಗೂಟ ನೆಟ್ಟು ನೆಲಕ್ಕೆ ಸಣ್ಣ ಕರೆಂಟ್ ಬಿಟ್ಟು ಅಳೆಯುವ ರೆಸಿಸ್ಟಿವಿಟಿ ಸರ್ವೆ ಇದೆ, ಅದು ಸಾಚಾ ವಿದ್ಯೆ. ನೂರು, ಇನ್ನೂರು ಮೀಟರ್ ಒಳಗಿನ ನೀರಿಗೆ ಅದನ್ನೇ ಮಾಡಿಸಿ. ಮಾಡಿದವರಿಂದ ಬರೀ ‘ಇಲ್ಲಿ ಕೊರೆಯಿರಿ’ ಎಂಬ ಗುರುತು ತೆಗೆದುಕೊಳ್ಳಬೇಡಿ, ಅಳತೆಯ ಕರ್ವ್ ಇರುವ ಹಾಳೆಯನ್ನೂ ಕೇಳಿ ಇಟ್ಟುಕೊಳ್ಳಿ. ಹಾಳೆ ಕೊಡಲು ಹಿಂಜರಿದರೆ ದುಡ್ಡು ಕೊಡಲು ನೀವೂ ಹಿಂಜರಿಯಬಹುದು.